ಬಾಲಕಿಯರ ಮೇಲುಗೈ ಆಫೀಸಿನ ಯಾವ ಮೆಟ್ಟಿಲಲ್ಲಿ ನಿಂತುಹೋಗುತ್ತದೆ?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮರುದಿನ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ‘ಈ ಬಾರಿಯೂ ಬಾಲಕಿಯರದೇ ಮೇಲುಗೈ’. ನಾನು ಹೈಸ್ಕೂಲಿನಲ್ಲಿದ್ದಾಗಲೂ ಅದೇ ಸಾಲು, ಈಗಲೂ ಅದೇ ಸಾಲು. ಓದಿದಾಗೆಲ್ಲ ಖುಷಿ ಆಗುತ್ತದೆ. ಆದರೆ ಪುಟ ತಿರುವಿ ವಾಣಿಜ್ಯ ಸುದ್ದಿಗೆ ಬಂದರೆ ಅಲ್ಲಿ ಐಟಿ ಕಂಪನಿಗಳ ತ್ರೈಮಾಸಿಕ ಫಲಿತಾಂಶ ಇರುತ್ತದೆ, ವೇದಿಕೆ ಮೇಲೆ ಕೂತವರ ಫೋಟೊ ಇರುತ್ತದೆ, ಆ ಫೋಟೊದಲ್ಲಿ ಹೆಂಗಸರನ್ನು ಹುಡುಕಬೇಕು. ಮೇಲುಗೈ ಸಾಧಿಸಿದ ಹುಡುಗಿಯರು ಇಪ್ಪತ್ತು ವರ್ಷದಲ್ಲಿ ಎಲ್ಲಿಗೆ ಹೋದರು? ಈ ಪ್ರಶ್ನೆಯನ್ನು ನಿಮ್ಮ ಪತ್ರಿಕೆ ಕೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಊರು ಮಲೆನಾಡು. ಸರ್ಕಾರಿ ಹೈಸ್ಕೂಲು, ಆಮೇಲೆ ಸಿಇಟಿ ಸೀಟು, ಆಮೇಲೆ ಕ್ಯಾಂಪಸ್‌ನಲ್ಲೇ ಕೆಲಸ. ನನ್ನಂಥವರು ಬೆಂಗಳೂರಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಐಟಿ ನಮಗೆ ಕೊಟ್ಟಿದ್ದು ಕಡಿಮೆ ಏನಲ್ಲ. ನಮ್ಮ ಅಮ್ಮಂದಿರ ಕೈಗೆ ಎಂದೂ ಬರದಿದ್ದ ಸಂಬಳ ನಮ್ಮ ಕೈಗೆ ಬಂತು, ತಂಗಿ ತಮ್ಮಂದಿರನ್ನು ಓದಿಸಿದೆವು, ಊರಲ್ಲಿ ಮನೆ ಕಟ್ಟಿಸಿದೆವು. ಈ ಉದ್ಯಮದ ಮೇಲೆ ನನಗೆ ದ್ವೇಷ ಇಲ್ಲ. ಇದು ನನ್ನದು ಅಂದುಕೊಂಡಿದ್ದಕ್ಕೇ ಕೋಪ ಜಾಸ್ತಿ.

ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಹೇಳುವ ಪ್ರಕಾರ ದೇಶದ ಐಟಿ ಉದ್ಯಮದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಕೆಲಸ ಮಾಡುತ್ತಾರೆ. ಅವರಲ್ಲಿ ನೂರಕ್ಕೆ ಸುಮಾರು 36 ಮಂದಿ ಹೆಂಗಸರು. ಇನ್ಫೋಸಿಸ್‌ನಲ್ಲಿ ಇದು 39ರ ಹತ್ತಿರ, ಟಿಸಿಎಸ್‌ನಲ್ಲಿ 35ರ ಆಸುಪಾಸು. ಕಾರ್ಖಾನೆಗಳಿಗೆ, ಬ್ಯಾಂಕುಗಳಿಗೆ ಹೋಲಿಸಿದರೆ ಒಳ್ಳೆಯ ಸಂಖ್ಯೆಯೇ. ಈಗ ಮೇಲಕ್ಕೆ ನೋಡಿ. ಇನ್ಫೋಸಿಸ್ ಶುರುವಾಗಿದ್ದು 1981ರಲ್ಲಿ. ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ಕ್ರಿಸ್ ಗೋಪಾಲಕೃಷ್ಣನ್, ಶಿಬುಲಾಲ್, ವಿಶಾಲ್ ಸಿಕ್ಕಾ, ಸಲೀಲ್ ಪರೇಖ್. ನಲವತ್ತಕ್ಕೂ ಜಾಸ್ತಿ ವರ್ಷದಲ್ಲಿ ಸಿಇಒ ಕುರ್ಚಿಯಲ್ಲಿ ಒಬ್ಬ ಮಹಿಳೆ ಕೂತಿಲ್ಲ. ವಿಪ್ರೊದಲ್ಲೂ ಇಲ್ಲ, ಟಿಸಿಎಸ್‌ನಲ್ಲೂ ಇಲ್ಲ, ಟೆಕ್ ಮಹೀಂದ್ರದಲ್ಲೂ ಇಲ್ಲ. ಎಚ್‌ಸಿಎಲ್‌ನಲ್ಲಿ 2020ರಿಂದ ರೋಶನಿ ನಾಡಾರ್ ಮಲ್ಹೋತ್ರ ಅಧ್ಯಕ್ಷೆ ಆಗಿದ್ದಾರೆ. ಒಳ್ಳೆಯದೇ. ಆದರೆ ಅವರು ಸ್ಥಾಪಕರ ಮಗಳು. ಅವರ ಸಾಮರ್ಥ್ಯದ ಬಗ್ಗೆ ನಾನು ಮಾತಾಡುತ್ತಿಲ್ಲ. ಟ್ರೈನಿಯಾಗಿ ಸೇರಿದ ಹುಡುಗಿ ಅಲ್ಲಿವರೆಗೆ ಏರಬಹುದಾ ಅನ್ನುವ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

‘ಅರ್ಹತೆ ಇದ್ದವರು ತಾವಾಗೇ ಮೇಲೆ ಬರ್ತಾರೆ’ ಅನ್ನುವವರು ಬಹಳ. ಮದುವೆ ಮನೆಯಲ್ಲಿ, ಕ್ಯಾಬ್‌ನಲ್ಲಿ, ಕೊನೆಗೆ ನಮ್ಮ ಮನೆಯ ಊಟದ ಹೊತ್ತಿನಲ್ಲೂ ಈ ಮಾತು ಕೇಳಿದ್ದೇನೆ. ಅರ್ಹರಾದ ಹೆಂಗಸರು ಇಲ್ಲದಿದ್ದರೆ, ಇದೇ ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳಿಗೆ ಅವರು ಎಲ್ಲಿಂದ ಸಿಕ್ಕರು? ಇಂಟೆಲ್ ಇಂಡಿಯಾವನ್ನು ಮೊದಲು ಕುಮುದ್ ಶ್ರೀನಿವಾಸನ್, ಆಮೇಲೆ ನಿವೃತಿ ರೈ ನಡೆಸಿದರು. ಐಬಿಎಂ ಇಂಡಿಯಾವನ್ನು ವನಿತಾ ನಾರಾಯಣನ್ ನಡೆಸಿದರು. ಕ್ಯಾಪ್‌ಜೆಮಿನಿ ಇಂಡಿಯಾದ ಸಿಇಒ ಆಗಿ 2011ರಲ್ಲೇ ಅರುಣಾ ಜಯಂತಿ ಬಂದರು. ಎಸ್‌ಎಪಿ ಲ್ಯಾಬ್ಸ್ ಇಂಡಿಯಾದ ಮುಖ್ಯಸ್ಥೆಯಾಗಿ 2019ರಲ್ಲಿ ಸಿಂಧು ಗಂಗಾಧರನ್ ಬಂದರು. ಆಕ್ಸೆಂಚರ್ ಇಂಡಿಯಾದ ರೇಖಾ ಮೆನನ್ 2021ರಲ್ಲಿ ನಾಸ್ಕಾಂನ ಮೊದಲ ಮಹಿಳಾ ಅಧ್ಯಕ್ಷೆ ಆದರು. ಇವರು ಬೇರೆ ಗ್ರಹದಿಂದ ಬಂದವರಲ್ಲ. ಇದೇ ದೇಶದ ಕಾಲೇಜುಗಳಲ್ಲಿ ಓದಿ ಮೇಲೆ ಬಂದವರೇ ಇವರಲ್ಲಿ ಹೆಚ್ಚು ಮಂದಿ. ಹಾಗಾದರೆ ನಮ್ಮದೇ ನೆಲದಲ್ಲಿ ಹುಟ್ಟಿದ ದೊಡ್ಡ ಕಂಪನಿಗಳ ತುದಿಗೆ ಹೆಂಗಸರು ಯಾಕೆ ತಲುಪಲಿಲ್ಲ?

ನನ್ನ ಉತ್ತರ ಇದು. ತೊಂದರೆ ತುದಿಯಲ್ಲಿ ಇಲ್ಲ. ತುದಿಯಲ್ಲಿ ಕಾಣಿಸುತ್ತದೆ ಅಷ್ಟೆ. ಆಗುವುದು ಐದರಿಂದ ಹತ್ತು ವರ್ಷದ ಅನುಭವದ ನಡುವೆ, ಟೀಮ್ ಲೀಡ್ ಮ್ಯಾನೇಜರ್ ಆಗುವ ಮೆಟ್ಟಿಲಿನಲ್ಲಿ. ಸೇರುವಾಗ ಹುಡುಗ ಹುಡುಗಿಯರು ಹೆಚ್ಚು ಕಡಿಮೆ ಸಮ ಇರುತ್ತಾರೆ. ಟ್ರೈನಿಂಗ್‌ನಲ್ಲಿ ಹುಡುಗಿಯರೇ ಜಾಸ್ತಿ ಅಂಕ ತೆಗೆಯುತ್ತಾರೆ ಎಷ್ಟೋ ಸಲ. ಮೊದಲ ನಾಲ್ಕು ವರ್ಷ ಕೋಡ್ ಬರೆಯುವುದು, ಟೆಸ್ಟ್ ಮಾಡುವುದು, ರಾತ್ರಿ ರಿಲೀಸ್‌ಗೆ ಕೂರುವುದು, ಎಲ್ಲ ಒಂದೇ ಥರ. ಆಮೇಲೆ ವಯಸ್ಸು ಇಪ್ಪತ್ತೇಳು, ಇಪ್ಪತ್ತೊಂಬತ್ತು ಆಗುತ್ತದೆ. ಮದುವೆ, ಮಗು. ಸರಿಯಾಗಿ ಅದೇ ಹೊತ್ತಿಗೆ ಕಂಪನಿಯಲ್ಲಿ ಯಾರು ಮುಂದೆ ಹೋಗಬೇಕು ಅನ್ನುವುದೂ ತೀರ್ಮಾನ ಆಗುತ್ತದೆ. ಇದನ್ನು ಒಂದು ದಿನ ಕೂತು ಯಾರೂ ಘೋಷಣೆ ಮಾಡುವುದಿಲ್ಲ. ಚಿಕ್ಕ ಚಿಕ್ಕ ತೀರ್ಮಾನಗಳಲ್ಲಿ ಆಗಿಹೋಗುತ್ತದೆ.

ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಆನ್‌ಸೈಟ್, ಅಂದರೆ ವಿದೇಶದಲ್ಲಿ ಕ್ಲೈಂಟ್ ಇರುವ ಕಡೆಯೇ ಹೋಗಿ ಕೆಲಸ ಮಾಡುವುದು. ಐಟಿಯಲ್ಲಿ ಇಲ್ಲದವರಿಗೆ ಇದು ಫಾರಿನ್ ಟೂರ್ ಥರ ಕಾಣುತ್ತದೆ, ಡಾಲರ್ ಉಳಿತಾಯ ಅಂತ ಕಾಣುತ್ತದೆ. ಆದರೆ ನಮ್ಮ ಸರ್ವಿಸ್ ಕಂಪನಿಗಳಲ್ಲಿ ಅದೇ ಏಣಿ. ನ್ಯೂಜೆರ್ಸಿಯಲ್ಲೋ ಲಂಡನ್‌ನಲ್ಲೋ ಕ್ಲೈಂಟ್ ಪಕ್ಕ ಎರಡು ವರ್ಷ ಕೂತವನಿಗೆ ಕ್ಲೈಂಟ್‌ನ ನಂಬಿಕೆ ಸಿಗುತ್ತದೆ, ಅವರ ಬಜೆಟ್ ಎಷ್ಟು, ಮುಂದಿನ ವರ್ಷ ಯಾವ ಪ್ರಾಜೆಕ್ಟ್ ಬರುತ್ತದೆ, ಅಲ್ಲಿ ಯಾರ ಮಾತು ನಡೆಯುತ್ತದೆ ಎಲ್ಲ ಗೊತ್ತಾಗುತ್ತದೆ, ವಾಪಸ್ ಬರುವಾಗ ಅವನ ಹೆಸರಿನ ಜೊತೆ ಇಷ್ಟು ಮಿಲಿಯನ್ ಡಾಲರ್ ಬಿಸಿನೆಸ್ ಅಂತ ಸೇರಿಕೊಂಡಿರುತ್ತದೆ. ಅಲ್ಲಿಂದ ಅಕೌಂಟ್ ಮ್ಯಾನೇಜರ್, ಡೆಲಿವರಿ ಹೆಡ್, ಆಮೇಲೆ ಇಡೀ ವಿಭಾಗದ ಲಾಭ ನಷ್ಟದ ಹೊಣೆ. ಸಿಇಒ ಹುಡುಕುವಾಗ ನೋಡುವುದು ಈ ಹೊಣೆ ಹೊತ್ತವರನ್ನೇ.

ಒಂದು ಕಂಪನಿಯಲ್ಲಿ ನಾನಿದ್ದಾಗ ಇಂಗ್ಲೆಂಡಿನ ಒಂದು ಅಕೌಂಟ್‌ಗೆ ಲೀಡ್ ಬೇಕಾಗಿತ್ತು. ಆ ಸಿಸ್ಟಮ್ ಶುರುವಿಂದ ನೋಡಿಕೊಂಡವಳು ನಾನು. ಕ್ಲೈಂಟ್ ಜೊತೆ ದಿನಾ ಫೋನಲ್ಲಿ ಮಾತಾಡುತ್ತಿದ್ದವಳೂ ನಾನೇ. ಹೆಸರು ಹೋಗಿದ್ದು ಬೇರೆಯವರದು. ಕೇಳಿದಾಗ ನನ್ನ ಮ್ಯಾನೇಜರ್ ಬಹಳ ಪ್ರೀತಿಯಿಂದಲೇ ಹೇಳಿದರು: ‘ಮಗು ಚಿಕ್ಕದಲ್ವಾ, ಸುಮ್ನೆ ನಿಮಗೆ ಯಾಕೆ ತೊಂದರೆ ಅಂತ ಕೇಳಲಿಲ್ಲ.’ ಹೋದ ಗೆಳೆಯನಿಗೂ ಅಷ್ಟೇ ವಯಸ್ಸಿನ ಮಗು ಇತ್ತು. ಅವನನ್ನು ಯಾರೂ ಮಗುವಿನ ಬಗ್ಗೆ ಕೇಳಲಿಲ್ಲ, ಹೆಂಡತಿ ಇದ್ದಾಳಲ್ಲ ಅಂತ. ಅವನು ಒಳ್ಳೆಯ ಕೆಲಸಗಾರ, ಇವತ್ತಿಗೂ ಸ್ನೇಹಿತ, ಅವನ ಮೇಲೆ ದೂರು ಇಲ್ಲ. ನನ್ನ ದೂರು ನನ್ನನ್ನು ಕೇಳಲೇ ಇಲ್ಲ ಅನ್ನುವುದು. ನನಗೆ ಆಗುವುದಿಲ್ಲ ಅಂತ ನಾನು ಹೇಳಬೇಕಿತ್ತು, ಅಥವಾ ಆಗುತ್ತದೆ ಅಂತ ಹೇಳಬೇಕಿತ್ತು. ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆನೋ, ಗಂಡ ರಜೆ ಹಾಕುತ್ತಿದ್ದರೋ, ಅದು ನಮ್ಮ ಮನೆಯ ಲೆಕ್ಕ. ಆ ಲೆಕ್ಕವನ್ನು ಆಫೀಸಿನಲ್ಲಿ ಕೂತು ಇನ್ನೊಬ್ಬರು ಮಾಡಿ ಮುಗಿಸಿದ್ದರು. ಇದನ್ನು ಹೇಳಿದಾಗ ನನ್ನ ಜೊತೆಗಿರುವ ಹೆಂಗಸರಲ್ಲಿ ಆಶ್ಚರ್ಯ ಪಟ್ಟವರು ಯಾರೂ ಇಲ್ಲ. ಎಲ್ಲರ ಹತ್ತಿರವೂ ಇಂಥದ್ದೊಂದು ಇದೆ.

ಆನ್‌ಸೈಟ್‌ನ ಇನ್ನೊಂದು ಮುಖ ಅಮೆರಿಕದಲ್ಲಿದೆ. ಗಂಡನಿಗೆ ಎಚ್-1ಬಿ ಅನ್ನುವ ಕೆಲಸದ ವೀಸಾ ಸಿಕ್ಕಿ ಹೊರಟರೆ ಹೆಂಡತಿ ಎಚ್-4 ವೀಸಾದಲ್ಲಿ ಹೋಗುತ್ತಾಳೆ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. 2015ರ ಮೇ ತಿಂಗಳಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸದ ಪರವಾನಗಿ ಕೊಡುತ್ತಾರೆ, ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ಕ್ಯಾಲಿಫೋರ್ನಿಯಾದಲ್ಲಿ, ಟೆಕ್ಸಾಸ್‌ನಲ್ಲಿ ಕನ್ನಡ ಸಂಘಗಳ ಕಾರ್ಯಕ್ರಮಕ್ಕೆ ಹೋದವರಿಗೆ ಗೊತ್ತು, ರಾಜ್ಯೋತ್ಸವಕ್ಕೆ ಹಾಡು ಕಲಿಸುವ, ಮಕ್ಕಳಿಗೆ ಕನ್ನಡ ಹೇಳಿಕೊಡುವ ಹೆಂಗಸರಲ್ಲಿ ಎಷ್ಟು ಜನ ಎಂಜಿನಿಯರ್‌ಗಳು ಇದ್ದಾರೆ ಅಂತ. ಕನ್ನಡ ಕಲಿಸುವುದು ದೊಡ್ಡ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅವರಲ್ಲಿ ಎಷ್ಟೋ ಮಂದಿ ಅದನ್ನು ಆರಿಸಿಕೊಂಡವರಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಐದಾರು ವರ್ಷ ಹೀಗೆ ಕಳೆದು ಬೆಂಗಳೂರಿಗೆ ವಾಪಸ್ ಬಂದವರ ರೆಸ್ಯೂಮೆ ನನ್ನ ಮೇಜಿಗೂ ಬರುತ್ತದೆ. ‘ಗ್ಯಾಪ್ ಇದೆ’ ಅಂತ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಾರೆ. ನಾನು ಕೈಲಾದಷ್ಟು ವಾಪಸ್ ತೆಗೆಸುತ್ತೇನೆ.

ಇನ್ನು ರೇಟಿಂಗ್. ವರ್ಷಕ್ಕೊಮ್ಮೆ ಮ್ಯಾನೇಜರ್‌ಗಳೆಲ್ಲ ಬಾಗಿಲು ಹಾಕಿಕೊಂಡು ಕೂತು ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುತ್ತೇವೆ. ಇಷ್ಟು ಮಂದಿಗಷ್ಟೇ ಮೇಲಿನ ರೇಟಿಂಗ್ ಅಂತ ಮಿತಿ ಇರುತ್ತದೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಅಲ್ಲಿ ಹೆರಿಗೆ ರಜೆಯಿಂದ ಬಂದವಳ ಹೆಸರು ಬಂದ ತಕ್ಷಣ ‘ಆಕೆ ಅರ್ಧ ವರ್ಷ ಇರಲಿಲ್ಲವಲ್ಲ’ ಅಂತ ಒಬ್ಬರಾದರೂ ಹೇಳುತ್ತಾರೆ. ಆಕೆ ಇದ್ದ ಆರು ತಿಂಗಳಲ್ಲಿ ಏನು ಮಾಡಿದಳು ಅಂತ ನೋಡಬೇಕು ತಾನೇ? 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದರು, 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳ ಪಾಲನಾ ಕೇಂದ್ರ ಇರಬೇಕು ಅಂದರು. ನಾನೂ ಅದರ ಫಲ ಉಂಡವಳು. ಆದರೆ ಆ 26 ವಾರದ ಸಂಬಳ ಪೂರ್ತಿ ಕಂಪನಿಯ ತಲೆ ಮೇಲೆ. ಎಷ್ಟೋ ದೇಶಗಳಲ್ಲಿ ಈ ಖರ್ಚನ್ನು ಸಾಮಾಜಿಕ ವಿಮೆ ಹೊರುತ್ತದೆ. ಜೊತೆಗೆ ಅಪ್ಪನಿಗೆ ರಜೆ ಕೊಡಬೇಕು ಅಂತ ಖಾಸಗಿ ಕಂಪನಿಗಳಿಗೆ ಕಾನೂನೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ ಅಷ್ಟೆ. ಹೀಗಾಗಿ ಮಗು ಅಂದರೆ ಹೆಂಗಸನ್ನು ಕೆಲಸಕ್ಕಿಟ್ಟುಕೊಂಡಿದ್ದರ ಖರ್ಚು ಅನ್ನುವ ಹಾಗೆ ಲೆಕ್ಕ ಬರುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮದುವೆ ಆಗಿದೆಯಾ ಅಂತ ಇಂಟರ್‌ವ್ಯೂನಲ್ಲಿ ಬೇರೆ ಥರ ಸುತ್ತಿ ಬಳಸಿ ಕೇಳುತ್ತಾರೆ.

ಈಗ ಗಂಟೆಗಳ ಮಾತಿಗೆ ಬರುತ್ತೇನೆ, ನನಗೆ ಸಂಕಟ ಆಗುವುದು ಇಲ್ಲೇ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಶುರುವಿನಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ವಿಡಿಯೊ ಬಂತು, 90 ಗಂಟೆಯ ಮಾತು, ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಅನ್ನುವ ಮಾತು. ನಡುವೆ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿ ಕೆಲಸದ ದಿನವನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾವ ಬಂತು, ಐಟಿ ನೌಕರರ ಸಂಘ ವಿರೋಧ ಮಾಡಿತು. ಆಗ ಪತ್ರಿಕೆಗಳಲ್ಲಿ ಆರೋಗ್ಯದ ಬಗ್ಗೆ ಚರ್ಚೆ ಆಯಿತು, ಸಂಬಳದ ಬಗ್ಗೆ ಆಯಿತು. ಇಂಥ ಗಂಟೆಗಳನ್ನು ಕೊಡಲು ಯಾರಿಂದ ಆಗುತ್ತದೆ ಅನ್ನುವ ಚರ್ಚೆ ಅಷ್ಟಾಗಿ ಆಗಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಅದು. ದಿನಕ್ಕೆ ಹನ್ನೆರಡು ಗಂಟೆ ಆಫೀಸಿಗೆ ಕೊಡುವವನ ಬಟ್ಟೆ ಯಾರೋ ಒಗೆದಿರುತ್ತಾರೆ, ಅವನ ಅಪ್ಪನನ್ನು ಯಾರೋ ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾರೆ, ಅವನ ಮಗಳ ಶಾಲೆಯ ಮೀಟಿಂಗಿಗೆ ಯಾರೋ ಹೋಗಿರುತ್ತಾರೆ. ಆ ‘ಯಾರೋ’ ಕೂಡ ಎಷ್ಟೋ ಮನೆಗಳಲ್ಲಿ ಎಂಜಿನಿಯರೇ.

ಕೆಲಸದ ಗಡಿಯಾರವೇ ನಮ್ಮ ಮನೆಯ ಗಡಿಯಾರಕ್ಕೆ ಎದುರು ನಿಂತಿದೆ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10 ಆದಾಗ ಚಳಿಗಾಲದಲ್ಲಿ ಇಲ್ಲಿ ರಾತ್ರಿ 8.30. ಕ್ಲೈಂಟ್ ಕಾಲ್ ಇರುವುದು ಆಗಲೇ. ಮಕ್ಕಳಿಗೆ ಊಟ ಹಾಕುವ ಹೊತ್ತೂ ಅದೇ, ಹೋಮ್‌ವರ್ಕ್ ಹೊತ್ತೂ ಅದೇ. ಡೇಕೇರ್ ಬಾಗಿಲು ಹಾಕುವುದು ಸಂಜೆ ಆರೂವರೆ ಏಳಕ್ಕೆ, ಆ ಹೊತ್ತಿಗೆ ಮಾರತ್ತಹಳ್ಳಿಯಲ್ಲೋ ಸಿಲ್ಕ್ ಬೋರ್ಡ್‌ನಲ್ಲೋ ಕ್ಯಾಬ್ ನಿಂತಿರುತ್ತದೆ. ಹಾಗಾಗಿ ಊರಿಂದ ಅಮ್ಮ ಮೂರು ತಿಂಗಳು, ಅತ್ತೆ ಮೂರು ತಿಂಗಳು ಅಂತ ಪಾಳಿ ಹಾಕಿಕೊಂಡು ಬಂದು ನಮ್ಮ ಮಕ್ಕಳನ್ನು ಸಾಕುತ್ತಾರೆ. ತೋಟ ಬಿಟ್ಟು, ಗಂಡನನ್ನು ಬಿಟ್ಟು, ಮೊಣಕಾಲು ನೋವಿಟ್ಟುಕೊಂಡು ಒಂಬತ್ತನೇ ಮಹಡಿಯ ಫ್ಲಾಟಿನಲ್ಲಿ ಇರುತ್ತಾರೆ. ಕರ್ನಾಟಕದ ಐಟಿ ರಫ್ತಿನ ಲೆಕ್ಕದಲ್ಲಿ ಈ ಅಜ್ಜಿಯರ ಪಾಲು ಎಲ್ಲಿದೆ? ಇವರ ಬಗ್ಗೆ ಯಾರಾದರೂ ಒಂದು ಒಳ್ಳೆಯ ಲೇಖನ ಬರೆಯಬೇಕು.

ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿದಾಗ ಹೊರೆ ಕಡಿಮೆ ಆಗಲಿಲ್ಲ, ಕೆಲವರಿಗೆ ಜಾಸ್ತಿಯೇ ಆಯಿತು. ಆದರೂ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವುದು ತಪ್ಪಿತ್ತು, ಅದರಿಂದ ಎಷ್ಟೋ ಮಂದಿ ಕೆಲಸ ಉಳಿಸಿಕೊಂಡರು. ಆಫೀಸಿಗೆ ವಾಪಸ್ ಬನ್ನಿ ಅಂದಾಗ ಏನಾಯಿತು? 2023ರಲ್ಲಿ ಟಿಸಿಎಸ್‌ನ ಆಗಿನ ಎಚ್‌ಆರ್ ಮುಖ್ಯಸ್ಥ ಮಿಲಿಂದ್ ಲಕ್ಕಡ್ ಅವರೇ ವಾರ್ಷಿಕ ವರದಿಯಲ್ಲಿ ಬರೆದರು, ಕೆಲಸ ಬಿಡುವವರಲ್ಲಿ ಮೊದಲೆಲ್ಲ ಹೆಂಗಸರ ಪ್ರಮಾಣ ಗಂಡಸರಷ್ಟೇ ಅಥವಾ ಕಡಿಮೆ ಇರುತ್ತಿತ್ತು, ಈಗ ಗಂಡಸರಿಗಿಂತ ಜಾಸ್ತಿ ಆಗಿದೆ ಅಂತ. ಮನೆಯಿಂದ ಕೆಲಸ ಮಾಡಿದ್ದರಿಂದ ಕೆಲವರ ಮನೆಯ ವ್ಯವಸ್ಥೆ ಬದಲಾಗಿರಬಹುದು ಅನ್ನುವುದು ಅವರ ಊಹೆ. ಒಂದು ಕಂಪನಿ ಇದನ್ನು ಮುಚ್ಚಿಡದೆ ಬರೆದಿದ್ದು ನನಗೆ ಇಷ್ಟ ಆಯಿತು. ಬೇರೆಯವರು ಅಷ್ಟೂ ಹೇಳಲಿಲ್ಲ.

ಹೀಗೆ ಒಂದೊಂದೇ ಕಾರಣಕ್ಕೆ ಮೆಟ್ಟಿಲು ತಪ್ಪಿದ ಮೇಲೂ ಮೇಲೆ ಬರುವ ಹೆಂಗಸರನ್ನು ಎಲ್ಲಿಗೆ ಕಳಿಸುತ್ತಾರೆ ನೋಡಿ. ಎಚ್‌ಆರ್, ಟ್ರೈನಿಂಗ್, ಪ್ರಚಾರ, ಸಿಎಸ್‌ಆರ್ ಅಂದರೆ ಕಂಪನಿಯ ಸಮಾಜಸೇವೆ. ಎಲ್ಲ ಮುಖ್ಯ ಕೆಲಸಗಳೇ. ಆದರೆ ಹಣ ತರುವ ಕುರ್ಚಿ ಅಲ್ಲ. ಆಡಳಿತ ಮಂಡಳಿಯಲ್ಲಿ ಹೆಂಗಸರು ಇದ್ದಾರಲ್ಲ ಅಂತ ಕೇಳಬಹುದು. ಇದ್ದಾರೆ, ಯಾಕೆಂದರೆ 2013ರ ಕಂಪನಿ ಕಾಯ್ದೆ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು ಅಂದಿತು, ಆಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ ದೊಡ್ಡ 1000 ಲಿಸ್ಟೆಡ್ ಕಂಪನಿಗಳಿಗೆ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ ಅಂದಿತು. ಕಾನೂನು ಹೇಳಿದ ಕುರ್ಚಿ ತುಂಬಿತು. ಕಾನೂನು ಹೇಳದ ಕಡೆ, ಅಂದರೆ ದಿನನಿತ್ಯ ಕಂಪನಿ ನಡೆಸುವ ಕಡೆ, ತುಂಬಲಿಲ್ಲ. ಸ್ವತಂತ್ರ ನಿರ್ದೇಶಕಿ ಹೊರಗಿನಿಂದ ಬರುವವರು, ವರ್ಷಕ್ಕೆ ಕೆಲವು ಸಭೆಗೆ ಬಂದು ಹೋಗುವವರು. ಕೆಳಗಿನಿಂದ ಯಾರನ್ನೂ ಏರಿಸದೆಯೇ ಆ ನಿಯಮ ಪಾಲಿಸಬಹುದು.

ನಮ್ಮ ರಾಜ್ಯದಲ್ಲಿ ಇದು ಹಳೆಯ ಕಥೆಯೂ ಹೌದು. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕಮಲಾ ಸೊಹೋನಿ ಬಂದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಂಗಸು ಅಂತ ಮೊದಲು ಸೀಟು ಕೊಡಲಿಲ್ಲ, ಆಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಂಡರು. ಅದೇ ಸಂಸ್ಥೆಗೆ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ 1943ರಲ್ಲಿ ಸೇರಿ, ಮಿಶಿಗನ್‌ನಲ್ಲಿ ಪಿಎಚ್‌ಡಿ ಮಾಡಿ, 1953ರಲ್ಲಿ ವಾಪಸ್ ಬಂದು ಮೈಕ್ರೋವೇವ್, ಆಂಟೆನಾ ಕಲಿಸಿ ವಿಭಾಗದ ಮುಖ್ಯಸ್ಥೆ ಆದರು. ಬೆಂಗಳೂರಿನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ವಿಭಾಗವನ್ನು ಹೆಂಗಸು ನಡೆಸಿದ್ದು ಐಟಿ ಹುಟ್ಟುವ ಮುಂಚಿನ ಮಾತು! ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರ ವಿಷಯ ಎಲ್ಲರಿಗೂ ಗೊತ್ತು. ಗಂಡಸರು ಮಾತ್ರ ಅರ್ಜಿ ಹಾಕಿ ಅಂತಿದ್ದ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಜಾಹೀರಾತು ನೋಡಿ 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು, ಇನ್ಫೋಸಿಸ್ ಶುರು ಮಾಡಲು 10,000 ರೂಪಾಯಿ ಕೊಟ್ಟದ್ದು. ಆದರೆ ಮನೆಯಿಂದ ಒಬ್ಬರೇ ಕಂಪನಿಯಲ್ಲಿ ಇರಬೇಕು ಅಂತ ತೀರ್ಮಾನವಾಗಿ ಅವರು ಹೊರಗುಳಿದರು. ನಾರಾಯಣ ಮೂರ್ತಿಯವರು ಈಚೆಗೆ ಸಂದರ್ಶನದಲ್ಲಿ, ಅವರನ್ನು ಹೊರಗಿಟ್ಟದ್ದು ತಪ್ಪಾಯಿತು, ತಮಗಿಂತ ಮತ್ತು ಉಳಿದ ಸ್ಥಾಪಕರಿಗಿಂತ ಆಕೆಗೇ ಅರ್ಹತೆ ಹೆಚ್ಚಿತ್ತು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನ, ಅದಕ್ಕೆ ಗೌರವ ಇದೆ. ಆದರೆ ನಮ್ಮ ಮನೆಗಳಲ್ಲಿ ಈ ಕಥೆಯನ್ನು ತ್ಯಾಗದ ಕಥೆ ಅಂತಲೇ ಹೆಣ್ಣುಮಕ್ಕಳಿಗೆ ಹೇಳುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. ಒಬ್ಬ ಎಂಜಿನಿಯರ್ ಇಪ್ಪತ್ತೈದು ಮೂವತ್ತು ವರ್ಷ ಆ ಕಂಪನಿಯ ಒಳಗೆ ಏನೇನು ಕಟ್ಟಬಹುದಿತ್ತು ಅಂತಲೂ ಯೋಚಿಸಬೇಕು.

ಸುಮ್ಮನಿರುವುದನ್ನು ನಮಗೆ ಕಲಿಸುವವರು ಮನೆಯಲ್ಲಿ ಮಾತ್ರ ಇಲ್ಲ. 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ, ನಮ್ಮ ಮಣಿಪಾಲದಲ್ಲಿ ಓದಿದವರು, ಅಮೆರಿಕದಲ್ಲಿ ಕಂಪ್ಯೂಟರ್ ಕ್ಷೇತ್ರದ ಹೆಂಗಸರ ದೊಡ್ಡ ಸಮ್ಮೇಳನದಲ್ಲೇ, ಸಂಬಳ ಜಾಸ್ತಿ ಕೇಳುವ ಬದಲು ವ್ಯವಸ್ಥೆಯನ್ನು ನಂಬಿ, ಅದು ಒಳ್ಳೆಯ ಕರ್ಮ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ವೇದಿಕೆ ಮೇಲೇ ಸಂದರ್ಶಕಿ ಒಪ್ಪಲಿಲ್ಲ. ನಾದೆಲ್ಲಾ ಅದೇ ದಿನ ತಪ್ಪಾಯಿತು ಅಂದರು. ಇನ್ನೊಂದು ವಿಷಯ, ಭಾರತೀಯರು ಜಗತ್ತಿನ ಟೆಕ್ ಕಂಪನಿ ನಡೆಸುತ್ತಿದ್ದಾರೆ ಅಂತ ನಾವು ನಾದೆಲ್ಲಾ, ಸುಂದರ್ ಪಿಚೈ ಫೋಟೊ ಹಾಕಿ ಸಂಭ್ರಮಿಸುತ್ತೇವೆ. 2008ರಿಂದ ಅರಿಸ್ಟಾ ನೆಟ್‌ವರ್ಕ್ಸ್ ನಡೆಸುತ್ತಿರುವ ಜಯಶ್ರೀ ಉಲ್ಲಾಳ್ ಹೆಸರು ಆ ಪಟ್ಟಿಯಲ್ಲಿ ಎಷ್ಟು ಸಲ ಬರುತ್ತದೆ?

ಹಾಗಾದರೆ ಏನು ಮಾಡಬೇಕು. ಕಂಪನಿಗಳ ಬಳಿ ಎಲ್ಲ ಅಂಕಿಅಂಶ ಇದೆ. ಸೆಬಿ ನಿಯಮದ ಪ್ರಕಾರ ದೊಡ್ಡ ಲಿಸ್ಟೆಡ್ ಕಂಪನಿಗಳು ಪ್ರತಿ ವರ್ಷ ಒಂದು ಸುಸ್ಥಿರತೆ ವರದಿ ಕೊಡುತ್ತವೆ. ಅದರಲ್ಲಿ ಒಟ್ಟು ಎಷ್ಟು ಹೆಂಗಸರು, ಮಂಡಳಿಯಲ್ಲಿ ಎಷ್ಟು, ಮಗುವಿನ ರಜೆ ಮುಗಿಸಿ ವಾಪಸ್ ಬಂದವರು ಎಷ್ಟು, ಒಂದು ವರ್ಷ ಆದ ಮೇಲೂ ಉಳಿದವರು ಎಷ್ಟು ಅಂತ ಬರೆಯಬೇಕು. ಬರೆಯುತ್ತಾರೆ ಕೂಡ. ಆದರೆ ನಡುವಿನ ಮೆಟ್ಟಿಲುಗಳ ಲೆಕ್ಕ ಕಡ್ಡಾಯ ಇಲ್ಲ. ಈ ವರ್ಷ ಟೀಮ್ ಲೀಡ್‌ನಿಂದ ಮ್ಯಾನೇಜರ್ ಆದವರಲ್ಲಿ ಹೆಂಗಸರು ಎಷ್ಟು? ಆನ್‌ಸೈಟ್ ಹೋದವರಲ್ಲಿ ಎಷ್ಟು? ಲಾಭ ನಷ್ಟದ ಹೊಣೆ ಇರುವ ಹುದ್ದೆಯಲ್ಲಿ ಎಷ್ಟು? ಈ ಮೂರು ಸಂಖ್ಯೆ ಬೇಕು. 2030ರೊಳಗೆ ನೂರಕ್ಕೆ 45 ಮಂದಿ ಹೆಂಗಸರು ಇರಬೇಕು ಅಂತ ಇನ್ಫೋಸಿಸ್ ಗುರಿ ಇಟ್ಟುಕೊಂಡಿದೆ, ಸಂತೋಷ. ಕೆಳಗೆ ಟ್ರೈನಿಗಳನ್ನು ಜಾಸ್ತಿ ಸೇರಿಸಿಕೊಂಡೂ ಯಾವುದೇ ಕಂಪನಿ ಇಂಥ ಗುರಿ ಮುಟ್ಟಬಹುದು, ಮೇಲೆ ಏನೂ ಬದಲಾಗದೆ.

ರಾಜ್ಯ ಸರ್ಕಾರಕ್ಕೂ ಇಲ್ಲಿ ಕೆಲಸ ಇದೆ. ಐಟಿ ಕಂಪನಿಗಳಿಗೆ, ನೌಕರರ ಕೆಲಸದ ನಿಯಮಗಳನ್ನು ಬರೆದು ಗೊತ್ತುಮಾಡಬೇಕು ಅನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂದಿದ್ದ ಸರ್ಕಾರ 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು, ಲೈಂಗಿಕ ಕಿರುಕುಳ ದೂರಿನ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು ಅಂತ ಷರತ್ತನ್ನೂ ಹಾಕಿತು. ಅಂದರೆ ಷರತ್ತು ಹಾಕುವುದು ಸರ್ಕಾರಕ್ಕೆ ಗೊತ್ತಿದೆ. ಮುಂದೆ ಭೂಮಿ, ತೆರಿಗೆ ರಿಯಾಯಿತಿ, ವಿನಾಯಿತಿ ಏನು ಕೊಟ್ಟರೂ ಬಡ್ತಿಯ ಲೆಕ್ಕ ಹಂತ ಹಂತವಾಗಿ ಪ್ರಕಟಿಸಿ ಅಂತ ಇನ್ನೊಂದು ಷರತ್ತು ಸೇರಿಸಲಿ. ಅಪ್ಪನಿಗೂ ರಜೆ ಕಡ್ಡಾಯ ಮಾಡಬೇಕು ಅನ್ನುವುದು ದೆಹಲಿಯ ವಿಷಯ, ಅದು ಯಾವಾಗ ಆಗುತ್ತದೋ. ಕಂಪನಿಗಳು ಅದಕ್ಕೆ ಕಾಯಬೇಕಿಲ್ಲ. ಹೆರಿಗೆ ರಜೆಯ ತಿಂಗಳುಗಳನ್ನು ರೇಟಿಂಗ್ ಲೆಕ್ಕದಿಂದ ಹೊರಗಿಡುವುದಕ್ಕೆ, ಆನ್‌ಸೈಟ್‌ಗೆ ಹೆಸರು ಕಳಿಸುವ ಮುಂಚೆ ಅರ್ಹರೆಲ್ಲರಿಗೂ ಒಂದು ಮೇಲ್ ಹಾಕಿ ಕೇಳುವುದಕ್ಕೆ ಯಾವ ಕಾನೂನೂ ಬೇಡ. ನನ್ನ ಟೀಮಿನಲ್ಲಿ ನಾನು ಹೀಗೇ ಕೇಳುತ್ತೇನೆ. ಆಗಲ್ಲ ಅಂದವರೂ ಇದ್ದಾರೆ, ಗಂಡಸರೂ ಸೇರಿ. ಹೊರಟೇಬಿಟ್ಟ ಇಬ್ಬರು ಮಕ್ಕಳ ತಾಯಿಯೂ ಇದ್ದಾಳೆ.

ನಿಮ್ಮಲ್ಲಿ ಕೇಳುವುದು ಒಂದೇ. ಮಾರ್ಚ್ 8ರ ಪುರವಣಿಗೆ ಸಾಧಕಿಯರ ಸಂದರ್ಶನ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮನೆ ಕೆಲಸ ಎರಡನ್ನೂ ಹೇಗೆ ನಿಭಾಯಿಸುತ್ತೀರಿ ಅಂತ ಅವರನ್ನು ಕೇಳುವ ಜಾಗದಲ್ಲಿ, ನಿಮ್ಮನ್ನು ಮ್ಯಾನೇಜರ್ ಮಾಡಿದ ವರ್ಷ ನಿಮ್ಮ ಜೊತೆ ಇನ್ನೆಷ್ಟು ಹೆಂಗಸರಿಗೆ ಬಡ್ತಿ ಸಿಕ್ಕಿತು ಅಂತ ಕೇಳಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಕಂಪನಿಗಳ ಫಲಿತಾಂಶದ ಪತ್ರಿಕಾಗೋಷ್ಠಿ ಇರುತ್ತದೆ, ನಿಮ್ಮ ವರದಿಗಾರರು ಹೋಗುತ್ತಾರೆ. ಲಾಭ ಎಷ್ಟು, ಹೊಸ ನೇಮಕ ಎಷ್ಟು, ಎಐಯಿಂದ ಕೆಲಸ ಹೋಗುತ್ತದಾ ಅಂತ ಕೇಳುತ್ತಾರೆ. ಅದರ ಜೊತೆ ಮೇಲೆ ಬರೆದ ಮೂರು ಸಂಖ್ಯೆಗಳನ್ನೂ ಕೇಳಲಿ. ಉತ್ತರ ಬಂದರೆ ಅಚ್ಚು ಹಾಕಿ. ಉತ್ತರ ಕೊಡದಿದ್ದರೆ, ಯಾವ ಕಂಪನಿ ಕೊಡಲಿಲ್ಲ ಅಂತ ಹೆಸರು ಹಾಕಿ ಅದನ್ನೂ ಅಚ್ಚು ಹಾಕಿ, ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ಕೇಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಬೆಂಗಳೂರು